ಬೆಂಕಿಗೆ ಹೋಗದ ದಿನದ ಮೂತ್ರ

ಅರಸೀಕೆರೆ ಕಡೆ ತೆಂಗಿನ ನಾರಿನ ರಾಶಿಗೆ ಬೆಂಕಿ ಬಿದ್ದರೆ ಅದು ಒಂದೇ ಸಲಕ್ಕೆ ಆರುವುದಿಲ್ಲ. ಮೇಲೆ ಎಷ್ಟು ನೀರು ಹೊಡೆದರೂ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಜೆಸಿಬಿ ತರಿಸಿ, ರಾಶಿ ಕೆದರಿ, ಮತ್ತೆ ನೀರು ಹೊಡೆಯಬೇಕು. ಉರಿ ಕಾಣದ ಈ ಹೊತ್ತಿನಲ್ಲೇ ಸಿಬ್ಬಂದಿ ಮುಖದ ಮಾಸ್ಕ್ ಕಳಚುವುದು. ಬೆನ್ನಿನ ಆರು ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಸುಮಾರು 1,800 ಲೀಟರ್. ಮೈಮುರಿದು ಕೆಲಸ ಮಾಡುವವನಿಗೆ ಅದು ಅರ್ಧ ಗಂಟೆ ಬಂದರೆ ಹೆಚ್ಚು. ಆದರೆ ಆಮ್ಲಜನಕ ಸಾಲದೆ ಅರೆಬರೆ ಸುಡುವ ವಸ್ತುವೇ ಪಿಎಎಚ್ ಎಂಬ ರಾಸಾಯನಿಕಗಳ ತವರು. ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬುದು ಪೂರ್ತಿ ಹೆಸರು. ಮಸಿಯ ಜಿಡ್ಡಿನಲ್ಲಿ ಇರುವುದು ಇವೇ, ಮತ್ತು ಇವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಇವು ಸಿಬ್ಬಂದಿಯ ಮೈಗೆ ಎಷ್ಟು ಸೇರುತ್ತವೆ ಎಂದು ಮೂತ್ರ, ರಕ್ತ ಪರೀಕ್ಷಿಸಿ ಅಳೆಯುವ ಅಧ್ಯಯನಗಳಿವೆ. ಅವುಗಳಿಗೆ ಮಾದರಿ ಕೊಡುವವರಿಗಾಗಿ ಈ ಬರಹ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರ ಜೂನ್‌ನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಸಭೆ ಸೇರಿ, ಬೆಂಕಿ ಆರಿಸುವ ಕೆಲಸವನ್ನೇ ಒಂದನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಾತ್ರಿಯಾದ ಪಟ್ಟಿಗೆ, ಸೇರಿಸಿತು. 2007ರಲ್ಲಿ ಇದೇ ಸಂಸ್ಥೆ ಅದನ್ನು 'ತರಬಹುದೇನೋ' ಎಂಬ ಗುಂಪಿನಲ್ಲಿ ಇಟ್ಟಿತ್ತು. ಖಚಿತವಾಗಿರುವುದು ಎರಡು ಕ್ಯಾನ್ಸರ್: ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಮತ್ತು ಮೂತ್ರಕೋಶದ ಕ್ಯಾನ್ಸರ್. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಜನಸಾಮಾನ್ಯರಿಗಿಂತ ಮೊದಲನೆಯದು ಶೇ. 58ರಷ್ಟು, ಎರಡನೆಯದು ಶೇ. 16ರಷ್ಟು ಹೆಚ್ಚು ಕಂಡಿತು. ಇಲ್ಲಿ ಗಾಬರಿಗೆ ಕಾರಣವಿಲ್ಲ. ಒಂದನೇ ಗುಂಪು ಎಂದರೆ ಸಾಕ್ಷ್ಯ ಗಟ್ಟಿಯಾಗಿದೆ ಎಂದು ಅರ್ಥ, ಅಪಾಯ ದೊಡ್ಡದು ಎಂದಲ್ಲ. ಸಂಸ್ಕರಿಸಿದ ಮಾಂಸವೂ ಇದೇ ಪಟ್ಟಿಯಲ್ಲಿದೆ. ಮೀಸೋಥೀಲಿಯೋಮ ತೀರಾ ಅಪರೂಪದ ಕಾಯಿಲೆ, ಅಪರೂಪಕ್ಕೆ ಶೇ. 58 ಸೇರಿದರೂ ಅದು ಅಪರೂಪವೇ.

ಹೊಗೆ ಕುಡಿದವರಿಗೆ ಮೂತ್ರಕೋಶದಲ್ಲಿ ಏಕೆ ಕಾಯಿಲೆ? ಪಿಎಎಚ್ ಉಸಿರಿನಿಂದಲೂ ಬರುತ್ತದೆ, ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಬಿಸಿಗೆ ರಕ್ತ ಮೇಲಕ್ಕೆ ಬಂದು ಬೆವರಿದ ಚರ್ಮ, ಅದರಲ್ಲೂ ಕತ್ತು ಮತ್ತು ದವಡೆಯ ತೆಳು ಚರ್ಮ, ಅದನ್ನು ಬೇಗ ಹೀರುತ್ತದೆ. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಮೂತ್ರಪಿಂಡಕ್ಕೆ ದಾಟಿಸುತ್ತದೆ. ಆಮೇಲೆ ಅದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ಒಳಪದರಕ್ಕೆ ತಾಗಿಕೊಂಡು ನಿಂತಿರುತ್ತದೆ. ಬೆಂಕಿಯ ಲೆಕ್ಕ ಬರೆದಿಡುವ ಪುಸ್ತಕ ಮೂತ್ರವೇ ಆಗಿರುವುದು ಇದೇ ಕಾರಣಕ್ಕೆ. ಸಂಶೋಧಕರು ಅದರಲ್ಲಿ ಹುಡುಕುವುದು ಮುಖ್ಯವಾಗಿ 1-ಹೈಡ್ರಾಕ್ಸಿಪೈರೀನ್ ಎಂಬ ಅವಶೇಷವನ್ನು.

ಹಾಸನ, ಚಿಕ್ಕಮಗಳೂರಿನ ಯಾವುದಾದರೂ ಠಾಣೆಗೆ ಇಂಥ ಅಧ್ಯಯನ ಬಂದು 'ಸ್ವಯಂಸೇವಕರು ಬೇಕು' ಎಂದರೆ, ಬಹಳ ಮಂದಿ ಅಂದುಕೊಳ್ಳುವುದು ದೊಡ್ಡ ಬೆಂಕಿಗೆ ಹೋಗಿ ಬಂದವರು, ಹಳಬರು, ಕೆಮ್ಮುವವರು ಬೇಕೆಂದು. ನಿಜಕ್ಕೂ ಹೆಚ್ಚು ಬೆಲೆಯಿರುವುದು ಈಗಷ್ಟೇ ತರಬೇತಿ ಮುಗಿಸಿ ಬಂದ ಹುಡುಗನ ಮೂತ್ರಕ್ಕೆ, ಮತ್ತು ಹಳಬರೇ ಆದರೂ ನಾಲ್ಕೈದು ದಿನ ಕರೆ ಬಾರದೆ ಠಾಣೆಯಲ್ಲೇ ಕೂತಿದ್ದ ದಿನದ ಮೂತ್ರಕ್ಕೆ. ಅದಿಲ್ಲದಿದ್ದರೆ ಬೆಂಕಿಯ ನಂತರದ ಅಂಕಿಯನ್ನು ಹೋಲಿಸಲು ಏನೂ ಇರುವುದಿಲ್ಲ.

ಊರಿನವರೊಂದಿಗೆ ಹೋಲಿಸಿದರಾಗದೇ? ಆಗದು. ಓಟ, ಎದೆಯಳತೆ, ವೈದ್ಯಕೀಯ ಪರೀಕ್ಷೆ ಎಲ್ಲ ದಾಟಿದ ಗಟ್ಟಿಗರೇ ಈ ಕೆಲಸಕ್ಕೆ ಸೇರಿರುತ್ತಾರೆ. ಊರಿನ ಸರಾಸರಿಗಿಂತ ಅವರ ಆರೋಗ್ಯ ಮೊದಲೇ ಮೇಲು. ಕೆಲಸ ತಂದ ಕೆಡುಕು ಆ ಮೇಲ್ಮೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೊ, ಫಿಲಡೆಲ್ಫಿಯಾಗಳ 29,993 ಅಗ್ನಿಶಾಮಕರನ್ನು 1950ರಿಂದ 2009ರವರೆಗೆ ಗಮನಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಜನಸಾಮಾನ್ಯರಿಗಿಂತ ಹೆಚ್ಚಿದ್ದುದು ಶೇ. 9ರಷ್ಟು. ಆ ಅಂಕಿಯನ್ನು ಓದುವಾಗಲೂ ಈ ಮುಚ್ಚಳ ನೆನಪಿರಬೇಕು.

ಇನ್ನು ಮಲೆನಾಡಿನದೇ ಒಂದು ತೊಡಕು: ಬಚ್ಚಲ ಒಲೆ. ಬೆಳಗ್ಗೆ ಹಂಡೆ ಒಲೆಗೆ ಒದ್ದೆ ಕಾಫಿ ಕುಂಟೆ ಒಟ್ಟಿ, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು ಡ್ಯೂಟಿಗೆ ಬಂದವನ ಮೂತ್ರದಲ್ಲಿ ಬೆಂಕಿಗೆ ಹೋಗುವ ಮೊದಲೇ ಹೈಡ್ರಾಕ್ಸಿಪೈರೀನ್ ಇರುತ್ತದೆ. ಬೀಡಿ ಸೇದುವವನದೂ ಅಷ್ಟೇ, ಹಿಂದಿನ ರಾತ್ರಿ ಕೆಂಡದ ಮೇಲೆ ಸುಟ್ಟ ಕೋಳಿ ತಿಂದವನದೂ ಅಷ್ಟೇ. ಪ್ರಶ್ನಾವಳಿಯಲ್ಲಿ 'ಮನೆಯಲ್ಲಿ ಗ್ಯಾಸ್ ಇದೆಯೇ' ಎಂದು ಮಾತ್ರ ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಸ್ನಾನದ ನೀರು ಸೌದೆಯಲ್ಲೇ ಕಾಯುತ್ತಿರುತ್ತದೆ. ಕೇಳದಿದ್ದರೂ ಹೇಳಿ. ಸೇದುತ್ತೇನೆಂದು ಹೇಳಲು ನಾಚಿ 'ಇಲ್ಲ' ಎಂದು ಬರೆಸಿದ ಒಬ್ಬ, ಮಾದರಿಯನ್ನೇ ಕೊಡದವನಿಗಿಂತ ಅಧ್ಯಯನಕ್ಕೆ ಹೆಚ್ಚು ಹಾನಿ ಮಾಡುತ್ತಾನೆ.

ಮಾದರಿ ಕೊಡುವುದು ಹೀಗೆ. ಬೆಂಕಿಯಿಂದ ಮರಳಿದ ಎರಡರಿಂದ ನಾಲ್ಕು ಗಂಟೆಯೊಳಗೆ ಒಂದು ಬಾಟಲಿ, ಸಾಧ್ಯವಾದರೆ ಮರುದಿನ ಬೆಳಗ್ಗೆ ಇನ್ನೊಂದು. ಚರ್ಮದಿಂದ ಹೋದದ್ದು ತಡವಾಗಿ ಹೊರಬರುತ್ತದೆ, ಒಂದೆರಡು ದಿನದಲ್ಲಿ ಬಹುಪಾಲು ಖಾಲಿಯಾಗುತ್ತದೆ. ಮೂರನೇ ದಿನ ನೆನಪಾಗಿ ಕೊಟ್ಟರೆ ಪ್ರಯೋಜನವಿಲ್ಲ. ಮೊದಲು ಸಾಬೂನಿನಿಂದ ಕೈ ತೊಳೆಯಬೇಕು, ಬೆರಳಿನ ಮಸಿ ಬಾಟಲಿಗೆ ಬೀಳಬಾರದು. ಮುಚ್ಚಳಕ್ಕಲ್ಲ, ಬಾಟಲಿಯ ಮೈಗೇ ಚೀಟಿ ಅಂಟಿಸಿ ವೇಳೆ ಬರೆಯಬೇಕು. ಮುಚ್ಚಳ ಅದಲುಬದಲಾದರೆ ಇಬ್ಬರ ಮಾದರಿಯೂ ಕೆಟ್ಟಂತೆ. ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಮರೆಯುವುದು ಇನ್ನೊಂದು ಮಾಮೂಲಿ ತಪ್ಪು: ಬೆಳಕು, ಬಿಸಿ ಎರಡೂ ಆಗದು, ಐಸ್ ಪೆಟ್ಟಿಗೆಗೇ ಹೋಗಬೇಕು. ಬಾಯಾರಿ ಎರಡು ಲೀಟರ್ ನೀರು ಕುಡಿದಿದ್ದರೆ ಮೂತ್ರ ತೆಳುವಾಗುತ್ತದಲ್ಲ ಎಂಬ ಚಿಂತೆ ಬೇಡ, ಮೂತ್ರದಲ್ಲಿ ಸಹಜವಾಗಿಯೇ ಇರುವ ಕ್ರಿಯಾಟಿನಿನ್ ಎಂಬ ವಸ್ತುವನ್ನು ಅಳೆದು ಅದನ್ನು ಸರಿದೂಗಿಸುತ್ತಾರೆ. ರಕ್ತ ತೆಗೆದರೆ ನೇರಳೆ ಮುಚ್ಚಳದ ಒಂದೆರಡು ಟ್ಯೂಬು, ಟೀ ಚಮಚದ ಲೆಕ್ಕದಲ್ಲಿ ಒಂದೆರಡು ಚಮಚ.

ಇದಕ್ಕಿಂತ ಬೇಸರದ ಕೆಲಸ ದಿನಚರಿ. ಏನು ಉರಿಯಿತು (ಹುಲ್ಲಿನ ಬಣವೆಯೋ, ಗುಜರಿ ಅಂಗಡಿಯೋ, ಕಾರೋ), ಎಷ್ಟು ಹೊತ್ತು ಇದ್ದಿರಿ, ಮಾಸ್ಕ್ ಯಾವಾಗ ತೆಗೆದಿರಿ, ಕತ್ತು ಯಾವಾಗ ತೊಳೆದಿರಿ. ಚಾಲಕರು ತಾವು ಹೊಗೆಗೆ ಹೋಗಲೇ ಇಲ್ಲ ಎಂದು ಖಾಲಿ ಬಿಡುತ್ತಾರೆ. ಪಂಪ್ ಓಡಿಸುತ್ತಾ ಗಂಟೆಗಟ್ಟಲೆ ಎಂಜಿನ್ ಪಕ್ಕ ನಿಂತವರು ಅವರೇ, ಡೀಸೆಲ್ ಹೊಗೆ 2012ರಿಂದ ಅದೇ ಒಂದನೇ ಗುಂಪಿನಲ್ಲಿದೆ.

ನಮ್ಮ ಜಿಲ್ಲೆಗಳ ಮಟ್ಟಿಗೆ ಅಧ್ಯಯನದ ಪಟ್ಟಿಯಿಂದ ಜಾರಿಹೋಗುವ ಭಯ ಇರುವುದು ಅರಣ್ಯದ ವಾಚರ್‌ಗಳಿಗೆ. ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಮುಳ್ಳಯ್ಯನಗಿರಿ, ಭದ್ರಾ, ಬಿಸಲೆಯ ಕಡೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುವವರ ಬೆನ್ನ ಮೇಲೆ ಸಿಲಿಂಡರ್ ಇಲ್ಲ. ಮೂಗಿಗೆ ಕಟ್ಟಿದ ಒದ್ದೆ ಟವೆಲು ಬೂದಿಯನ್ನು ತಡೆದೀತು, ಅನಿಲವನ್ನು ತಡೆಯದು. ಲಿಯಾನ್‌ನ ವರ್ಗೀಕರಣ ಕಾಡ್ಗಿಚ್ಚು ಆರಿಸುವವರನ್ನೂ ಒಳಗೊಂಡಿದೆ. ದಿನಗೂಲಿಯವರ ಹೆಸರು ಹಾಜರಿ ಪುಸ್ತಕದಲ್ಲಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಬರುವ ಕಾಯಿಲೆಯನ್ನು ಅವರಲ್ಲಿ ಹಿಂಬಾಲಿಸುವುದು ಕಷ್ಟ. ಕಷ್ಟ ಎಂಬ ಕಾರಣಕ್ಕೇ ಅವರನ್ನು ಬಿಟ್ಟರೆ ಅತಿ ಹೆಚ್ಚು ಹೊಗೆ ಕುಡಿದವರನ್ನೇ ಬಿಟ್ಟಂತೆ.

ಸಹಿ ಹಾಕುವ ಮುನ್ನ ಕೆಲವು ಮಾತು. ಸಾಲಾಗಿ ನಿಲ್ಲಿಸಿ 'ಎಲ್ಲರೂ ಕೊಡ್ರಪ್ಪಾ' ಎಂದು ಮೇಲಧಿಕಾರಿ ಹೇಳಿದರೆ ಅದು ಸಮ್ಮತಿ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ವಿವರ ಭಾಗಿಯಾಗುವವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ಯಾವ ನಷ್ಟವೂ ಆಗಬಾರದು. ಉಳಿದ ರಕ್ತವನ್ನು ಎಷ್ಟು ವರ್ಷ ಇಡುತ್ತಾರೆ, ಇಲಾಖೆಗೆ ಹೆಸರಿನ ಸಮೇತ ಫಲಿತಾಂಶ ಹೋಗುತ್ತದೆಯೇ, ಈ ಎರಡನ್ನು ಬಾಯಿಬಿಟ್ಟು ಕೇಳಿ. ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ಭಾಗವಹಿಸಿದವರಿಗೆ ಏನು ಸಿಗುತ್ತದೆ? ನಿಮಗೆ ಕ್ಯಾನ್ಸರ್ ಬರುತ್ತದೋ ಇಲ್ಲವೋ ಎಂದು ಹೈಡ್ರಾಕ್ಸಿಪೈರೀನ್ ಅಂಕಿ ಹೇಳುವುದಿಲ್ಲ. ಸಿಗುವುದು ಎಲ್ಲರಿಗೂ ಉಪಯೋಗವಾಗುವ ಉತ್ತರ. ಆಸ್ಟ್ರೇಲಿಯಾದಲ್ಲಿ 285 ಅಗ್ನಿಶಾಮಕ ಸಿಬ್ಬಂದಿ ಒಂದು ವರ್ಷ ರಕ್ತ ಅಥವಾ ಪ್ಲಾಸ್ಮಾ ಕೊಡುವ, ಇಲ್ಲವೇ ಏನೂ ಕೊಡದ ಗುಂಪುಗಳಾಗಿ ಹಂಚಿಕೊಂಡರು. ಕೊಟ್ಟವರ ಮೈಯಲ್ಲಿ, ಬೆಂಕಿ ಆರಿಸುವ ನೊರೆಯಿಂದ ಸೇರುವ ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಮಟ್ಟ ಇಳಿದದ್ದು 2022ರಲ್ಲಿ ಪ್ರಕಟವಾಯಿತು. ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಬೆಂಕಿಯ ಜಾಗದಲ್ಲೇ ಕೋಟನ್ನು ಸಾಬೂನು ನೀರು ಹಾಕಿ ಉಜ್ಜಿದಾಗ ಅದರ ಮೇಲಿನ ಪಿಎಎಚ್ ಸುಮಾರು ಶೇ. 85ರಷ್ಟು ಹೋಯಿತು, ಒಣ ಬ್ರಷ್ಷಿಗೆ ಹೋದದ್ದು ಶೇ. 23 ಮಾತ್ರ. ಒದ್ದೆ ಬಟ್ಟೆಯಂಥ ವೈಪ್‌ನಿಂದ ಒರೆಸಿದ ಕತ್ತಿನಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಒಂದು ಬಕೆಟ್ ನೀರು, ಪಾತ್ರೆ ತೊಳೆಯುವ ಸಾಬೂನು, ಬ್ರಷ್ಷು: ಇಷ್ಟನ್ನು ವಾಹನದಲ್ಲೇ ಇಟ್ಟುಕೊಳ್ಳಲು ಯಾವ ಅಧ್ಯಯನವನ್ನೂ ಕಾಯಬೇಕಿಲ್ಲ.

ಹಾಗೆಯೇ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತರೂ, ಸಂಶೋಧಕರ ಮುಂದಿನ ಭೇಟಿಯವರೆಗೆ ಕಾಯಬೇಡಿ. ಅದೇ ವಾರ ವೈದ್ಯರ ಬಳಿ ಹೋಗಿ, ಕೆಲಸ ಏನೆಂಬುದನ್ನೂ ಹೇಳಿ.