ಮನುಷ್ಯರ ಭ್ರೂಣವನ್ನು ಕ್ಲೋನ್ ಮಾಡಿದ್ದಾರಂತೆ, ನಿಜಾನಾ?

ಪ್ರಶ್ನೆ: ಮನುಷ್ಯರ ಭ್ರೂಣವನ್ನೇ ಕ್ಲೋನ್ ಮಾಡಿದ್ದಾರಂತೆ. ಹಾಗಾದರೆ ಯಾರದೋ ತದ್ರೂಪಿ ಮಗು ಎಲ್ಲೋ ಹುಟ್ಟಿಯೇ ಇರಬೇಕಲ್ವಾ?

ಭ್ರೂಣ ಮಾಡಿದ್ದು ನಿಜ. ಮಗು ಹುಟ್ಟಿದ್ದಕ್ಕೆ ಮಾತ್ರ ಯಾವ ಪುರಾವೆಯೂ ಇಲ್ಲ. 2002ರ ಕೊನೆಯಲ್ಲಿ ಕ್ಲೋನೇಡ್ ಎಂಬ ಕಂಪನಿ ‘ಈವ್’ ಅನ್ನೋ ಮಗು ಹುಟ್ಟಿದೆ ಎಂದು ಸಾರಿತ್ತು. ಡಿಎನ್‌ಎ ಪರೀಕ್ಷೆಗೆ ಆ ಮಗುವನ್ನು ಯಾವತ್ತೂ ತೋರಿಸಲಿಲ್ಲ.

ಭ್ರೂಣದ ಕೆಲಸ ಗಟ್ಟಿಯಾಗಿ ಆಗಿದ್ದು 2013ರಲ್ಲಿ, ಅಮೆರಿಕದ ಆರೆಗನ್‌ನಲ್ಲಿ, ಶೌಖ್ರತ್ ಮಿಟಾಲಿಪೊವ್ ತಂಡದಿಂದ. ಹೆಣ್ಣಿನ ಅಂಡಾಣು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಷ್ಟೇ ಇರುತ್ತದೆ, ಪೆನ್ನಿನ ಚುಕ್ಕಿಗಿಂತ ಚಿಕ್ಕದು. ಮೈಕ್ರೋಸ್ಕೋಪ್ ಕೆಳಗೆ ಗಾಜಿನ ಕೊಳವೆಯೊಂದು ಅದನ್ನು ಮೆಲ್ಲಗೆ ಹೀರಿ ಅಲ್ಲಾಡದಂತೆ ಹಿಡಿದಿರುತ್ತದೆ, ಇನ್ನೊಂದು ಕಡೆಯಿಂದ ಸೂಜಿಯಂಥ ಕೊಳವೆ ಒಳಹೊಕ್ಕು ಅಂಡಾಣುವಿನ ಸ್ವಂತ ವರ್ಣತಂತುಗಳನ್ನು ಎಳೆದು ತೆಗೆಯುತ್ತದೆ. ಆ ಜಾಗಕ್ಕೆ ಬೇರೊಬ್ಬರ ಚರ್ಮದ ಜೀವಕೋಶ ಬರುತ್ತದೆ. ವೀರ್ಯಾಣು ಬೇಕಿಲ್ಲ. ಎಲ್ಲ ಸರಿಹೋದರೆ ಅದು ಎರಡಾಗಿ, ನಾಲ್ಕಾಗಿ, ಐದಾರು ದಿನಕ್ಕೆ ಒಂದು ಪುಟ್ಟ ಟೊಳ್ಳು ಚೆಂಡಾಗುತ್ತದೆ. ಮನುಷ್ಯರ ಅಂಡಾಣುವಿನ ಕಷ್ಟ ಏನೆಂದರೆ, ಕೈಯಿಟ್ಟ ಕೂಡಲೇ ಅವಧಿಗೆ ಮೊದಲೇ ಬೆಳೆಯಲು ಶುರುಮಾಡಿ ಕೆಡುತ್ತದೆ. ಅದನ್ನು ತಡೆಯಲು ಅವರು ಬಳಸಿದ್ದು ಕೆಫೀನ್, ನಮ್ಮ ಕಾಫಿಯಲ್ಲಿರುವುದೇ.

ಆ ಚೆಂಡನ್ನು ಯಾರ ಗರ್ಭಕ್ಕೂ ಹಾಕಲಿಲ್ಲ. ಒಳಗಿನ ಕೋಶಗಳನ್ನು ತೆಗೆದು ಸ್ಟೆಮ್ ಸೆಲ್ ಆಗಿ, ಅಂದರೆ ಮೈಯ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲಕೋಶವಾಗಿ, ಬೆಳೆಸಿದರು. ರೋಗಿಯ ಮೈಗೆ ಒಗ್ಗುವ ಕೋಶ ರೋಗಿಯಿಂದಲೇ ಸಿಗಲಿ ಅನ್ನೋದು ಉದ್ದೇಶ. ಮಗು ಮಾಡಲು ಹೊರಟರೆ ಏನಾಗಬಹುದು ಅನ್ನೋದಕ್ಕೆ ಕ್ಲೋನ್ ಮಾಡಿ ಹುಟ್ಟಿಸಿದ ಡಾಲಿ ಕುರಿಯ ಲೆಕ್ಕ ನೋಡಿ: 277 ಸಲ ಕೋಶ ಕೂಡಿಸಿದ ಮೇಲೆ 1996ರಲ್ಲಿ ಹುಟ್ಟಿದ್ದು ಒಂದೇ ಮರಿ. ಪ್ರಾಣಿಗಳಲ್ಲಿ ಗರ್ಭಪಾತ, ಹುಟ್ಟಿದ ಕೂಡಲೇ ಸಾವು, ಅಂಗದೋಷ ಎಲ್ಲವೂ ಆಗಿವೆ. ಹೆಣ್ಣಿನ ಗರ್ಭದಲ್ಲಿ ಅಂಥ ಪ್ರಯೋಗ ಮಾಡುವುದನ್ನು ಯಾವ ನೆಪದಿಂದಲೂ ಒಪ್ಪಲಾಗದು. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಮಾರ್ಗಸೂಚಿಯೂ ಅದನ್ನು ನಿಷೇಧಿಸಿದೆ.

ನೈತಿಕತೆ ಅಂದಾಗ ಎಲ್ಲರೂ ಭ್ರೂಣದ ಬಗ್ಗೆಯೇ ಜಗಳವಾಡುತ್ತಾರೆ. ಐದು ದಿನದ ಚೆಂಡು ಮನುಷ್ಯನೇ, ಅಲ್ಲವೇ? ಬೆನ್ನುಹುರಿಯ ದಿಕ್ಕು ತೋರಿಸುವ ಮೊದಲ ಗೆರೆ ಮೂಡುವುದೇ ಸುಮಾರು 14ನೇ ದಿನಕ್ಕೆ. ಅದಕ್ಕೇ ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಲ್ಯಾಬಿನ ಭ್ರೂಣ 14 ದಿನ ದಾಟಬಾರದು ಎಂದಿತು. ನನಗೆ ಆ ಗಡಿ ಸರಿ ಅನ್ನಿಸುತ್ತದೆ. ಆದರೆ ನನ್ನನ್ನು ಜಾಸ್ತಿ ಕಾಡುವುದು ಬೇರೆ ಪ್ರಶ್ನೆ. ಆ ಅಂಡಾಣು ಯಾರದು?

ಅಂಡಾಣು ಸುಮ್ನೆ ಸಿಗುವುದಿಲ್ಲ. ಹತ್ತು ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್, ಮತ್ತೆ ಮತ್ತೆ ಸ್ಕ್ಯಾನಿಂಗ್, ಕೊನೆಗೆ ಮಂಪರು ಕೊಟ್ಟು ಸೂಜಿಯಿಂದ ಹೊರತೆಗೆಯುವುದು. ಕೆಲವರಿಗೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ.

ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ 2004 ಮತ್ತು 2005ರಲ್ಲಿ ಮನುಷ್ಯರ ಕ್ಲೋನ್ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದೆವು ಎಂದು ಪ್ರಕಟಿಸಿ ದೇಶದ ಹೀರೋ ಆದರು. ಅದು ಸುಳ್ಳು ಎಂದು 2006ರ ಜನವರಿಯಲ್ಲಿ ಅವರದೇ ವಿಶ್ವವಿದ್ಯಾಲಯದ ತನಿಖೆ ಹೇಳಿತು. ಅಷ್ಟರಲ್ಲಿ 2,000ಕ್ಕೂ ಹೆಚ್ಚು ಅಂಡಾಣು ಖರ್ಚಾಗಿತ್ತು. ಕೆಲವು ಹೆಂಗಸರಿಗೆ ದುಡ್ಡು ಕೊಟ್ಟಿದ್ದರು. ಅಂಡಾಣು ಕೊಟ್ಟವರಲ್ಲಿ ಹ್ವಾಂಗ್ ಅವರ ಲ್ಯಾಬಿನ ಕಿರಿಯ ಸಂಶೋಧಕಿಯರೂ ಇದ್ದರು. ಕೆಲಸ ಕೊಟ್ಟ ಬಾಸ್‌ಗೆ ಅವರು ಹೇಗೆ ಇಲ್ಲ ಅನ್ನಬೇಕಿತ್ತು?

ಈಗ ಕ್ಲೋನ್ ಭ್ರೂಣದ ಅಗತ್ಯ ತುಂಬ ಕಡಿಮೆಯಾಗಿದೆ, ಅದು ಸಮಾಧಾನ. ಜಪಾನಿನ ಶಿನ್ಯಾ ಯಮನಾಕಾ ನಾಲ್ಕು ಜೀನ್ ಸೇರಿಸಿ ಚರ್ಮದ ಕೋಶವನ್ನೇ ಸ್ಟೆಮ್ ಸೆಲ್‌ನಂತೆ ಮಾಡುವ ದಾರಿ ತೋರಿಸಿದರು, 2006ರಲ್ಲಿ ಇಲಿಯಲ್ಲಿ, ಮರುವರ್ಷ ಮನುಷ್ಯರಲ್ಲಿ. ಅದಕ್ಕೆ ಅಂಡಾಣುವೂ ಬೇಡ, ಭ್ರೂಣವೂ ಬೇಡ. ಹಾಗಿದ್ದೂ ಕ್ಲೋನಿಂಗ್ ಬೇಕೇ ಬೇಕು ಅನ್ನುವ ತಂಡ ಸಿಕ್ಕರೆ ಅಂಡಾಣುವಿನ ಲೆಕ್ಕವನ್ನೇ ಮೊದಲು ಕೇಳಿ. ನಮ್ಮ ದೇಶದ 2021ರ ಐವಿಎಫ್ ಕಾನೂನಿನಲ್ಲಿ ಒಬ್ಬ ದಾನಿಯಿಂದ ಜೀವಮಾನದಲ್ಲಿ ಒಂದೇ ಸಲ, ಹೆಚ್ಚೆಂದರೆ ಏಳು ಅಂಡಾಣು ತೆಗೆಯಬಹುದು. ಆ ಲೆಕ್ಕದಲ್ಲಿ ಹ್ವಾಂಗ್ ಲ್ಯಾಬಿನ ಸುಳ್ಳಿಗೆ ಹೆಚ್ಚುಕಡಿಮೆ 300 ಹೆಂಗಸರು ಸೂಜಿಗೆ ಮೈಯೊಡ್ಡಬೇಕಿತ್ತು.