ಹಳೇ ಫೈಬರ್ ದೋಣಿಗೆ ಬಣ್ಣ ಹಚ್ಚುವ ಮೊದಲು

ಹಳೇ ಫೈಬರ್‌ಗ್ಲಾಸ್ ದೋಣಿ ಕೊಂಡವರು ನನ್ನನ್ನು ಮೊದಲು ಕೇಳುವುದು ಹೆಚ್ಚಾಗಿ ಬಣ್ಣದ ಬಗ್ಗೆ. ಯಾವ ಪೇಂಟ್ ಒಳ್ಳೆಯದು, ಎಷ್ಟು ಕೋಟ್ ಬೇಕು, ಹೊಳಪು ಎಷ್ಟು ಕಾಲ ಉಳಿಯುತ್ತದೆ. ಮಂಕು ಹಿಡಿದ ದೋಣಿ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ರಿಪೇರಿ ಕೆಲಸದಲ್ಲಿರುವ ನಾವು ಮೊದಲು ಹುಡುಕುವುದು ನೀರನ್ನು. ಅದು ಎಲ್ಲಿಂದ ಒಳಗೆ ಹೋಗಿದೆ, ಎಲ್ಲಿ ನಿಂತಿದೆ, ಏನನ್ನು ಕೊಳೆಸಿದೆ? ಇಷ್ಟು ಗೊತ್ತಾಗುವ ತನಕ ಪೇಂಟ್ ಡಬ್ಬಿಯ ಮುಚ್ಚಳ ತೆಗೆಯಬೇಡಿ.

ಫೈಬರ್‌ಗ್ಲಾಸ್ ಅಂದರೆ ಗಾಜಿನ ಎಳೆಗಳು, ಅವನ್ನು ಹಿಡಿದಿಡುವ ರೆಸಿನ್. ಇವೆರಡೂ ಮರದ ಹಾಗೆ ಕೊಳೆಯುವುದಿಲ್ಲ. 1960ರ ದಶಕದ ಎಷ್ಟೋ ದೋಣಿಗಳ ತಳ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಕೊಳೆಯುವುದು ಒಳಗೆ ಅಡಗಿರುವ ಮರ. ಎಷ್ಟೋ ದೋಣಿಗಳ ಡೆಕ್ಕಿನಲ್ಲಿ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರವೋ ಪ್ಲೈವುಡ್ಡೋ ಇರುತ್ತದೆ. ಎಂಜಿನ್ ಕೂರುವ ಹಿಂಬದಿಯ ಗೋಡೆಯಲ್ಲಿ, ಅಂದರೆ ಟ್ರಾನ್ಸಮ್‌ನಲ್ಲಿ, ದಪ್ಪ ಪ್ಲೈವುಡ್ ಇರುತ್ತದೆ. ತಳದ ಉದ್ದಕ್ಕೂ ಹೋಗುವ ತೊಲೆಗಳ ಒಳಗೂ ಸಾಮಾನ್ಯವಾಗಿ ಮರವೇ. ಯಾವತ್ತೋ ಯಾರೋ ಒಂದು ಕೊಕ್ಕೆ ಕೂರಿಸಲು ಡೆಕ್ಕಿಗೆ ತೂತು ಕೊರೆದಿರುತ್ತಾರೆ. ವರ್ಷಗಳು ಕಳೆದಂತೆ ಅದರ ಸುತ್ತಲಿನ ಸೀಲೆಂಟ್ ಒಣಗಿ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಇಳಿದ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ. ಮೇಲಿನ ಚಿಪ್ಪು ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗಿನ ಮರ ಮಾತ್ರ ನೆನೆದ ರಟ್ಟಿನಂತಾಗಿರುತ್ತದೆ.

ಇದನ್ನು ಪತ್ತೆ ಹಚ್ಚಲು ದುಬಾರಿ ಯಂತ್ರ ಬೇಡ. ಒಂದು ಸಣ್ಣ ಪ್ಲಾಸ್ಟಿಕ್ ಸುತ್ತಿಗೆ, ಒಂದು ಪೆನ್ಸಿಲ್, ಸುತ್ತ ಸ್ವಲ್ಪ ನಿಶ್ಶಬ್ದ ಇದ್ದರೆ ಸಾಕು. ಕೈ ಅಗಲಕ್ಕೊಂದರಂತೆ ಡೆಕ್ಕನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಒಳಗೆ ಗಟ್ಟಿ ಇದ್ದರೆ ಟಕ್ ಟಕ್ ಅಂತ ಚುರುಕಾದ ಸದ್ದು ಬರುತ್ತದೆ, ಸುತ್ತಿಗೆಯೂ ಪುಟಿಯುತ್ತದೆ. ಮರ ಕೊಳೆತಿದ್ದರೆ ಅಥವಾ ಪದರ ಬಿಟ್ಟುಕೊಂಡಿದ್ದರೆ ಸದ್ದು ದಪ್ಪಗಾಗಿ ದಬ್ ಅನ್ನುತ್ತದೆ. ಸದ್ದು ಬದಲಾದ ಕಡೆಯೆಲ್ಲ ಗುರುತು ಹಾಕಿ, ಕೊನೆಗೆ ಗೆರೆಗಳನ್ನು ಕೂಡಿಸಿ. ಹೆಚ್ಚಿನ ಸಲ ಆ ನಕ್ಷೆಯ ನಡುವೆ ಒಂದು ಕೊಕ್ಕೆಯೋ, ಕಂಬಿಯ ಬುಡವೋ, ಕಿಟಕಿಯ ಅಂಚೋ ಇರುತ್ತದೆ. ನೀರು ಒಳಗೆ ಹೋದ ಬಾಗಿಲು ಅದೇ. ಅನುಮಾನ ಉಳಿದರೆ ಒಳಬದಿಯಿಂದ ಸಣ್ಣದೊಂದು ತೂತು ಕೊರೆದು ನೋಡಿ. ಒಣಗಿದ ತಿಳಿ ಬಣ್ಣದ ಹೊಟ್ಟು ಬಂದರೆ ಚಿಂತೆ ಇಲ್ಲ. ಕಪ್ಪಗೆ, ಒದ್ದೆಯಾಗಿ, ವಾಸನೆ ಹೊಡೆಯುತ್ತಾ ಬಂದರೆ ಉತ್ತರ ಸಿಕ್ಕಂತೆಯೇ.

ಟ್ರಾನ್ಸಮ್ಮಿಗೆ ಇನ್ನೊಂದು ಪರೀಕ್ಷೆ ಇದೆ. ಔಟ್‌ಬೋರ್ಡ್ ಎಂಜಿನ್ನಿನ ಕೆಳತುದಿ ಹಿಡಿದು ಮೇಲೆ ಕೆಳಗೆ ಒತ್ತಿ, ಜೊತೆಗಿರುವವರಿಗೆ ಟ್ರಾನ್ಸಮ್ ನೋಡಲು ಹೇಳಿ. ಅದು ಕಣ್ಣಿಗೆ ಕಾಣುವಷ್ಟು ಬಾಗಿದರೆ ಆ ದೋಣಿಯನ್ನು ನೀರಿಗೆ ಇಳಿಸಲೇಬೇಡಿ. ಎಂಜಿನ್ನಿನ ಪೂರ್ತಿ ತಳ್ಳುವ ಬಲ ಆ ಹಲಗೆಯ ಮೇಲೇ ಬೀಳುತ್ತದೆ. ನೆಲದ ಕೆಳಗೆ ತೇಲಲೆಂದು ತುಂಬಿದ ಫೋಮ್ ಇದ್ದರೆ ಅದನ್ನೂ ಒಂದು ತುಂಡು ಕಿತ್ತು ಹಿಂಡಿ ನೋಡಿ. ವರ್ಷಗಟ್ಟಲೆ ನೀರಲ್ಲಿ ನೆಂದ ಫೋಮ್ ನೀರು ಹೀರಿಕೊಂಡಿರುತ್ತದೆ. ಲೀಟರಿಗೆ ಒಂದು ಕಿಲೋ ಲೆಕ್ಕ ಹಾಕಿದರೆ ದೋಣಿ ಯಾಕೆ ಅಷ್ಟು ಭಾರ ಅಂತ ಗೊತ್ತಾಗುತ್ತದೆ, ಅಲ್ವಾ?

ಕತ್ತರಿಸುವ ಮೊದಲು ದೋಣಿಯನ್ನು ಸರಿಯಾಗಿ ಕೂರಿಸಿ. ತೊಲೆ, ಡೆಕ್ಕು ತೆಗೆದಾಗ ತಳಕ್ಕೆ ಬಿಗಿ ಇರುವುದಿಲ್ಲ. ಎರಡೇ ಕಡೆ ಆಸರೆ ಕೊಟ್ಟರೆ ತನ್ನ ಭಾರಕ್ಕೇ ಬಾಗುತ್ತದೆ, ಆಮೇಲೆ ಹೊಸ ತೊಲೆ ಕೂರಿಸಿದರೆ ಆ ಸೊಟ್ಟ ಶಾಶ್ವತವಾಗುತ್ತದೆ. ಆದಷ್ಟೂ ಜಾಸ್ತಿ ಕಡೆ ಆಸರೆ ಕೊಡಿ. ಎಲ್ಲ ತೊಲೆಗಳನ್ನೂ ಒಟ್ಟಿಗೆ ಕೀಳಬೇಡಿ, ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ.

ಡೆಕ್ಕಿನ ರಿಪೇರಿಗೆ ಮೇಲಿನ ಪದರವನ್ನು ಮಾತ್ರ ಕತ್ತರಿಸಿ ಹಾಳೆಯಂತೆ ಎಬ್ಬಿಸಬೇಕು. ಬ್ಲೇಡಿನ ಆಳ ಆ ಪದರದ ದಪ್ಪಕ್ಕೆ ಸರಿಯಾಗಿರಲಿ, ಕೆಳಗಿನ ಪದರ ತಾಗಬಾರದು. ಎಬ್ಬಿಸಿದ ತುಂಡನ್ನು ಜೋಪಾನವಾಗಿಡಿ, ಹೊಸ ಮರ ಕೂರಿಸಿದ ಮೇಲೆ ಮುಚ್ಚಲು ಅದೇ ಮತ್ತೆ ಬೇಕು. ಕೊಳೆತ ಮರವನ್ನು ಕೆರೆದು ತೆಗೆಯುತ್ತಾ, ಎಲ್ಲ ಬದಿಯಲ್ಲೂ ಒಣಗಿದ, ಗಟ್ಟಿ ಮರ ಸಿಗುವ ತನಕ ಹೋಗಿ. ಸುಮ್ನೆ ತೂತು ಕೊರೆದು ಒದ್ದೆ ಮರಕ್ಕೆ ಎಪಾಕ್ಸಿ (ಒಂದು ಬಗೆಯ ರೆಸಿನ್) ಸುರಿದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೀರು ತುಂಬಿದ ಮರದೊಳಗೆ ರೆಸಿನ್ ಇಳಿಯುವುದಿಲ್ಲ, ಕೊಳೆತವನ್ನು ಒಳಗೇ ಮುಚ್ಚಿಟ್ಟಂತಾಗುತ್ತದೆ.

ಈಗ ಇಡೀ ಕೆಲಸದಲ್ಲಿ ಜನ ಅತಿ ಹೆಚ್ಚು ಅವಸರ ಮಾಡುವ ಜಾಗಕ್ಕೆ ಬರೋಣ. ಹಳೇ ಫೈಬರ್ ಪೂರ್ತಿ ಗಟ್ಟಿಯಾಗಿ ಕೂತಾಗಿದೆ. ಹೊಸ ರೆಸಿನ್ ಅದರೊಂದಿಗೆ ರಾಸಾಯನಿಕವಾಗಿ ಹೆಚ್ಚು ಬೆರೆಯುವುದಿಲ್ಲ, ಉಜ್ಜಿದ ಗೀರುಗಳಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ ಅಷ್ಟೇ. ಅದಕ್ಕೇ ಕತ್ತರಿಸಿದ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ನಮ್ಮಲ್ಲಿ ರೂಢಿಯಲ್ಲಿರುವ ಅಳತೆ 12ಕ್ಕೆ 1. ಪದರ 3 ಮಿಲಿಮೀಟರ್ ದಪ್ಪ ಇದ್ದರೆ ಅಂಚಿನಿಂದ 36 ಮಿಲಿಮೀಟರ್ ಅಗಲಕ್ಕೆ ಇಳಿಜಾರು. ಸರಿಯಾಗಿ ಉಜ್ಜಿದ ಇಳಿಜಾರಿನಲ್ಲಿ ಗಾಜಿನ ಎಳೆಯ ಹಳೇ ಬಟ್ಟೆಯ ಒಂದೊಂದು ಪದರವೂ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಎಷ್ಟು ಪದರ ಹಾಕಬೇಕು ಅನ್ನುವುದನ್ನು ಅಲ್ಲೇ ಎಣಿಸಿಕೊಳ್ಳಬಹುದು. ಇನ್ನೊಂದು ಮಾತು: ಉಜ್ಜುವ ಮೊದಲೇ ಅಸಿಟೋನ್‌ನಂಥ ದ್ರಾವಕದಿಂದ ಒರೆಸಿ, ಒರೆಸುವ ಬಟ್ಟೆಯನ್ನು ಆಗಾಗ ಬದಲಿಸಿ. ಮೇಲೆ ಮೇಣ ಉಳಿದಿದ್ದರೆ ಸ್ಯಾಂಡ್‌ಪೇಪರ್ ಅದನ್ನು ಗೀರುಗಳೊಳಗೆ ತುಂಬಿಬಿಡುತ್ತದೆ.

ರೆಸಿನ್ ಯಾವುದು? ಹಳೇ ದೋಣಿಗಳು ಹೆಚ್ಚಿನವು ಪಾಲಿಯೆಸ್ಟರ್‌ನಲ್ಲಿ ತಯಾರಾದವು. ಆದರೆ ಬಲ ಬೇಕಾದ ರಿಪೇರಿಗೆ ನಾನು ಎಪಾಕ್ಸಿಯನ್ನೇ ಹೇಳುತ್ತೇನೆ. ಹಳೇ ಪದರಕ್ಕೂ ಮರಕ್ಕೂ ಅದು ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಎಪಾಕ್ಸಿ ಜೊತೆ ನೇಯ್ದ ಅಥವಾ ಹೊಲಿದ ಗಾಜಿನ ಬಟ್ಟೆ ಬಳಸಿ. ಸಾಮಾನ್ಯ ಚಾಪ್ಡ್ ಮ್ಯಾಟ್‌ನ, ಅಂದರೆ ತುಂಡು ಎಳೆಗಳ ಹಾಸಿನ, ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಅದು ಕರಗದೆ ಬಿರುಸಾಗೇ ಉಳಿಯುತ್ತದೆ. ಮೂಲೆಗಳಲ್ಲಿ ಮಲಗುವುದಿಲ್ಲ.

ಅಳತೆಯಲ್ಲಿ ಇವೆರಡರ ಸ್ವಭಾವ ಬೇರೆ ಬೇರೆ. ಪಾಲಿಯೆಸ್ಟರ್‌ಗೆ ಸಾಮಾನ್ಯವಾಗಿ ಅದನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟನ್ನು ಶೇ. 1ರಿಂದ 2ರಷ್ಟು ಹಾಕುತ್ತಾರೆ. ಸೆಕೆ ಇದ್ದರೆ ಕಡಿಮೆ, ಚಳಿ ಇದ್ದರೆ ಜಾಸ್ತಿ. ಎಪಾಕ್ಸಿಗೆ ಆ ಸ್ವಾತಂತ್ರ್ಯ ಇಲ್ಲ. ತಯಾರಕರು ಹೇಳಿದ ಪ್ರಮಾಣ ಅಂದರೆ ಅದೇ ಪ್ರಮಾಣ. ಬೇಗ ಗಟ್ಟಿಯಾಗಲಿ ಅಂತ ಅದಕ್ಕೆ ಬೆರೆಸುವ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಕಲಸಿದ್ದನ್ನು ಆಳವಾದ ಡಬ್ಬಿಯಲ್ಲಿ ಬಿಡಬೇಡಿ. ಬಿಸಿಯೇರಿ ಹೊಗೆ ಬರುತ್ತದೆ. ಅಗಲವಾದ ತಟ್ಟೆಗೆ ಸುರಿದರೆ ಶಾಖ ಹರಡಿಹೋಗುತ್ತದೆ, ಕೆಲಸಕ್ಕೆ ಸಮಯವೂ ಸಿಗುತ್ತದೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂತಿದ್ದರೆ ನೀರು ಹಾಕಿ ಉಜ್ಜಿ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಿರಿ.

ಸುರಕ್ಷತೆಯ ಮಾತನ್ನು ದಯವಿಟ್ಟು ಹಾರಿಸಬೇಡಿ. ಪಾಲಿಯೆಸ್ಟರ್ ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಸುರಕ್ಷತಾ ಕನ್ನಡಕ ಹಾಕದೆ ಆ ಬಾಟಲಿ ಮುಟ್ಟಬೇಡಿ. ಉಜ್ಜುವಾಗ ಬಟ್ಟೆಯ ಮಾಸ್ಕ್ ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ, ಫಿಲ್ಟರ್ ಇರುವ ಮಾಸ್ಕ್ ಬೇಕು. ರೆಸಿನ್ ಆವಿಗೆ ಮಾಸ್ಕಿಗೆ ಹಾಕುವ ಫಿಲ್ಟರ್ ಕಾರ್ಟ್ರಿಡ್ಜ್ ಬೇರೆಯದೇ. ಎಪಾಕ್ಸಿ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು, ಒಮ್ಮೆ ಬಂತೆಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಕೈಗವಸು ಹಾಕಿಕೊಂಡೇ ಕೆಲಸ ಮಾಡಿ.

ಹೊರಮೈಯ ಜೆಲ್‌ಕೋಟ್ ತೆಳುವಾದ ಪದರ, ಸುಮಾರು ಅರ್ಧ ಮಿಲಿಮೀಟರ್. ಅದರ ಬಿರುಕುಗಳು ಒಳಗಿನ ವಿಷಯ ಹೇಳುತ್ತವೆ. ನಕ್ಷತ್ರದಂತೆ ಹರಡಿದ್ದರೆ ಅಲ್ಲಿ ಏಟು ಬಿದ್ದಿರಬಹುದು. ಸಾಲುಸಾಲಾಗಿದ್ದರೆ ಆ ಜಾಗ ಬಾಗುತ್ತಿರಬಹುದು. ಬಾಗುವುದನ್ನು ನಿಲ್ಲಿಸದೆ ಬಿರುಕು ತುಂಬಿದರೆ ಮತ್ತೆ ಬಿರಿಯುತ್ತದೆ. ತಳದಲ್ಲಿ ಗುಳ್ಳೆಗಳಿದ್ದು, ಒಡೆದಾಗ ವಿನೆಗರ್‌ನಂಥ ವಾಸನೆಯ ದ್ರವ ಬಂದರೆ ಅದು ಆಸ್ಮೋಸಿಸ್, ಅಂದರೆ ನೀರು ಪದರದೊಳಗೆ ಇಳಿದು ಗುಳ್ಳೆ ಎಬ್ಬಿಸಿದೆ. ತೆರೆದು, ತೊಳೆದು, ಪೂರ್ತಿ ಒಣಗಿಸಿಯೇ ಮುಚ್ಚಬೇಕು. ಒಣಗಲು ತಿಂಗಳುಗಳೇ ಹಿಡಿಯಬಹುದು. ಬರೀ ಮಂಕಾಗಿದ್ದರೆ ಸುಲಭ: ನೀರು ಹಾಕಿ 800ರಿಂದ 2000 ನಂಬರಿನ ಸ್ಯಾಂಡ್‌ಪೇಪರ್ ತನಕ ಹಂತಹಂತವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ಎಷ್ಟೋ ದೋಣಿಗಳಿಗೆ ಪೇಂಟೇ ಬೇಕಾಗುವುದಿಲ್ಲ.

ಕೊಕ್ಕೆ, ಕಂಬಿಗಳನ್ನು ಮತ್ತೆ ಕೂರಿಸುವಾಗ ಹಳೇ ತೂತಿಗೇ ಬೋಲ್ಟ್ ಹಾಕಬೇಡಿ. ತೂತನ್ನು ದೊಡ್ಡದು ಮಾಡಿ, ಮಂದವಾಗಿ ಕಲಸಿದ ಎಪಾಕ್ಸಿಯಿಂದ ಪೂರ್ತಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಕೊರೆಯಿರಿ. ಮುಂದೊಂದು ದಿನ ಸೀಲೆಂಟ್ ಬಿಟ್ಟರೂ ನೀರಿಗೆ ಮರ ಸಿಗುವುದಿಲ್ಲ. ಪ್ರತಿಯೊಂದು ತೂತಿಗೂ ಇದನ್ನೇ ಮಾಡಿ, ಒಂದು ಸಣ್ಣ ಸ್ಕ್ರೂ ಆದರೂ ಸರಿ.