ಒಂದು ಊರು ದಿವಾಳಿ ಆಗುವುದು ಹೇಗೆ? ಜಪಾನಿನ ಯೂಬರಿ ಕತೆ

ಓದುಗರಿಂದ ಆಗಾಗ ಬರುವ ಪ್ರಶ್ನೆ ಇದು: "ಜಪಾನಿನಲ್ಲಿ ಯೂಬರಿ ಅನ್ನೋ ಊರು ದಿವಾಳಿ ಆಯ್ತಂತೆ. ಕಂಪನಿ ದಿವಾಳಿ ಆಗೋದು ಗೊತ್ತು. ಊರು ಹೇಗೆ ದಿವಾಳಿ ಆಗುತ್ತೆ? ಆದಮೇಲೆ ಅಲ್ಲಿನ ಜನ ಏನು ಮಾಡ್ತಾರೆ? ನೀರು, ಶಾಲೆ, ಆಸ್ಪತ್ರೆ ಎಲ್ಲಾ ನಿಂತುಹೋಗುತ್ತಾ?"

ನಿಲ್ಲುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಆದರೆ ತೆರಿಗೆ ಏರುತ್ತದೆ, ಸೌಕರ್ಯ ಇಳಿಯುತ್ತದೆ, ನಗರಸಭೆ ಒಂದು ರೂಪಾಯಿ ಖರ್ಚಿನ ಲೆಕ್ಕ ಬದಲಾಯಿಸಬೇಕಾದರೂ ಟೋಕಿಯೊದ ಒಪ್ಪಿಗೆ ಕೇಳಬೇಕಾಗುತ್ತದೆ. ಜಪಾನಿನ ಕಾನೂನಿನಲ್ಲಿ ಊರಿಗೆ ಸಾಲ ಮನ್ನಾ ಇಲ್ಲ. ಕಂಪನಿ ಮುಳುಗಿದರೆ ಬ್ಯಾಂಕು ನಷ್ಟ ತಿನ್ನುತ್ತದೆ. ಊರು ಮುಳುಗಿದರೆ ಅಲ್ಲಿ ಉಳಿದವರು ಕೊನೆಯ ಯೆನ್‌ವರೆಗೂ ತೀರಿಸಬೇಕು. ಈ ಒಂದು ಮಾತು ಹಿಡಿದುಕೊಂಡರೆ ಯೂಬರಿಯ ಮಿಕ್ಕ ಕತೆಯೆಲ್ಲ ಅರ್ಥವಾಗುತ್ತದೆ.

ಮೊದಲು ಊರು ಎಲ್ಲಿದೆ ನೋಡೋಣ. ಜಪಾನಿನ ಉತ್ತರದ ತುದಿಯ ದೊಡ್ಡ ದ್ವೀಪ ಹೊಕ್ಕೈಡೊ. ಅದರ ರಾಜಧಾನಿ ಸಪ್ಪೊರೊದಿಂದ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಬೆಟ್ಟಗಳ ನಡುವೆ ಯೂಬರಿ ಇದೆ. ವಿಸ್ತೀರ್ಣ 763 ಚದರ ಕಿ.ಮೀ., ಅಂದರೆ ಟೋಕಿಯೊ ನಗರದ 23 ವಾರ್ಡುಗಳನ್ನು ಸೇರಿಸಿದರೂ ಇಷ್ಟಾಗುವುದಿಲ್ಲ. ಆ 23 ವಾರ್ಡುಗಳಲ್ಲಿ ಸುಮಾರು 97 ಲಕ್ಷ ಜನ ಇದ್ದಾರೆ. ಯೂಬರಿಯಲ್ಲಿ 2020ರ ಜನಗಣತಿ ಪ್ರಕಾರ ಇದ್ದವರು 7,334. ನೆಲದ ಬಹುಪಾಲು ಕಾಡು. ಜನ ಇರುವುದು ನದಿ ಕೊರೆದ ಕಿರಿದಾದ ಕಣಿವೆಗಳಲ್ಲಿ, ಅದೂ ಒಂದೇ ಕಡೆ ಅಲ್ಲ. ಎಲ್ಲೆಲ್ಲಿ ಗಣಿ ಬಾಯಿ ತೆರೆಯಿತೋ ಅಲ್ಲಲ್ಲೇ ಒಂದು ಕಾಲೊನಿ ಎದ್ದಿತು. ಹಾಗಾಗಿ ಊರಿಗೆ ನಡುಮಧ್ಯ ಅಂತ ಒಂದು ಇಲ್ಲ, ಕಣಿವೆ ಉದ್ದಕ್ಕೂ ತುಂಡು ತುಂಡಾಗಿ ಹರಡಿಕೊಂಡಿದೆ. ಮುಂದೆ ಇದೇ ದೊಡ್ಡ ಖರ್ಚಿನ ಬಾಬತ್ತಾಯಿತು.

ಇಲ್ಲಿ ಕಲ್ಲಿದ್ದಲು ಸಿಕ್ಕಿದ್ದು 1888ರಲ್ಲಿ. ಅಮೆರಿಕದ ಭೂವಿಜ್ಞಾನಿ ಬೆಂಜಮಿನ್ ಲೈಮನ್ ಹೊಕ್ಕೈಡೊ ಪೂರ್ತಿ ಸುತ್ತಿ ಸರ್ವೆ ಮಾಡಿದ್ದರು. ಅವರ ಕೈಕೆಳಗೆ ಕಲಿತ ಬಾನ್ ಇಚಿತಾರೊ ಈ ಕಣಿವೆಯ ಮೇಲ್ಭಾಗದಲ್ಲಿ ದಪ್ಪನೆಯ ಕಲ್ಲಿದ್ದಲ ಪದರ ನೆಲದಿಂದ ಹೊರಗೆ ಇಣುಕುತ್ತಿರುವುದನ್ನು ಕಂಡರು. ಆ ಪದರ ಇವತ್ತಿಗೂ ಹಾಗೇ ಇದೆ, ಹೋದವರು ನೋಡಬಹುದು, ಬೆಟ್ಟದ ಪಕ್ಕೆಯಲ್ಲಿ ಏಳು ಮೀಟರಷ್ಟು ಎತ್ತರದ ಕಪ್ಪು ಗೋಡೆ. 1890ರಲ್ಲಿ ಗಣಿ ಶುರು, 1892ರಲ್ಲಿ ರೈಲು ಬಂತು, 1943ರಲ್ಲಿ ನಗರದ ಪಟ್ಟ ಸಿಕ್ಕಿತು. ಇಪ್ಪತ್ತಕ್ಕೂ ಹೆಚ್ಚು ಗಣಿಗಳು, 1960ರ ಹೊತ್ತಿಗೆ ಸುಮಾರು 1,17,000 ಜನ. ಯುದ್ಧದಲ್ಲಿ ನೆಲಕಚ್ಚಿದ್ದ ಜಪಾನನ್ನು ಮತ್ತೆ ಎತ್ತಿ ನಿಲ್ಲಿಸಿದ ಉಕ್ಕಿನ ಕುಲುಮೆಗಳಿಗೆ ಇಲ್ಲಿನ ಕಲ್ಲಿದ್ದಲು ಹೋಯಿತು.

ಆಮೇಲೆ ಸರ್ಕಾರ ಪೆಟ್ರೋಲಿಯಂ ಕಡೆ ತಿರುಗಿತು. ವಿದೇಶಿ ಕಲ್ಲಿದ್ದಲೂ ಅಗ್ಗಕ್ಕೆ ಸಿಗತೊಡಗಿತು. ಒಂದೊಂದಾಗಿ ಗಣಿಗಳು ಮುಚ್ಚಿದವು. ಉಳಿದ ಆಸೆಯೆಲ್ಲ ಯೂಬರಿ ಹೊಸ ಗಣಿ ಮೇಲಿತ್ತು, ಆಳಕ್ಕೆ ಇಳಿದು ಒಳ್ಳೆ ಕಲ್ಲಿದ್ದಲು ತೆಗೆಯುವ ಆಧುನಿಕ ಗಣಿ ಅದು. 1981ರ ಅಕ್ಟೋಬರ್ 16ರಂದು ಅಲ್ಲಿ ಅನಿಲ ನುಗ್ಗಿತು, ಬೆಂಕಿ ಹತ್ತಿತು. ಸತ್ತವರು 93 ಮಂದಿ, ಅವರಲ್ಲಿ ಕಾಪಾಡಲು ಇಳಿದವರೂ ಇದ್ದರು. ಒಳಗೆ ಇನ್ನೂ 59 ಜನ ಪತ್ತೆಯಾಗದೆ ಇದ್ದಾಗಲೇ ಬೆಂಕಿ ಆರಿಸಲು ಗಣಿಗೆ ನೀರು ಬಿಡುವ ತೀರ್ಮಾನವಾಯಿತು. ಅದಕ್ಕೆ ಮನೆಯವರ ಒಪ್ಪಿಗೆ ಕೇಳಿದರು. ಗಂಡನೋ ಮಗನೋ ಕೆಳಗೆ ಇರುವಾಗ, ನೀರು ಬಿಡಿ ಅಂತ ಹೇಳಬೇಕಾದವರ ಸಂಕಟ ಎಂಥದ್ದು ಅಂತ ಯೋಚಿಸಿದರೆ ಎದೆ ಭಾರವಾಗುತ್ತದೆ. ಒಂದು ವರ್ಷದೊಳಗೆ ಆ ಗಣಿ ಮುಚ್ಚಿತು. 1990ರಲ್ಲಿ ಯೂಬರಿಯ ಕೊನೆಯ ಗಣಿಯೂ ಹೋಯಿತು.

ದಿವಾಳಿಯ ಬೇರು ಇಲ್ಲೇ ಇದೆ. ಬಹಳ ಜನ ಪ್ರವಾಸೋದ್ಯಮದಿಂದ ಕತೆ ಶುರು ಮಾಡುತ್ತಾರೆ, ನನ್ನ ಪ್ರಕಾರ ಅದು ಅರ್ಧ ಸತ್ಯ. ಗಣಿ ಊರಲ್ಲಿ ಮನೆ, ಆಸ್ಪತ್ರೆ, ನೀರಿನ ಕೊಳವೆ ಎಲ್ಲ ಕಂಪನಿಯದ್ದೇ. ಕಂಪನಿ ಎದ್ದು ಹೋದರೂ ಅಲ್ಲಿ ಜನ ಇದ್ದಾರಲ್ವಾ? ಅವರಿಗೆ ಸೂರು, ನೀರು, ಡಾಕ್ಟರು ಬೇಕು. ಹಾಗಾಗಿ ಸಾವಿರಾರು ಕಂಪನಿ ಮನೆಗಳನ್ನು, ಆಸ್ಪತ್ರೆಯನ್ನು, ನೀರಿನ ವ್ಯವಸ್ಥೆಯನ್ನು ನಗರಸಭೆ ತಾನೇ ವಹಿಸಿಕೊಂಡಿತು. ಗಣಿ ಮುಚ್ಚಿದ ಮೇಲಿನ ಈ ಕೆಲಸಗಳಿಗೆ ಆದ ಒಟ್ಟು ಖರ್ಚು 5,830 ಕೋಟಿ ಯೆನ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಗರ ತನ್ನ ಹೆಸರಲ್ಲಿ ಮಾಡಿದ ಸಾಲ. ಕಂಪನಿಯಿಂದ ಬರಬೇಕಿದ್ದ ತೆರಿಗೆ ಕೂಡ ಪೂರ್ತಿ ಬರಲಿಲ್ಲ. ತೆರಿಗೆ ಕಟ್ಟುವವರು ಲಾರಿ ಹತ್ತಿ ಹೊರಡುತ್ತಿದ್ದರು, ಊರಿನ ತಲೆ ಮೇಲೆ ಭಾರ ಏರುತ್ತಿತ್ತು.

ಪ್ರವಾಸೋದ್ಯಮ ಆಮೇಲೆ ಬಂದದ್ದು. 1979ರಿಂದ 2003ರವರೆಗೆ ಸತತ ಆರು ಬಾರಿ ಮೇಯರ್ ಆಗಿದ್ದವರು ನಕಾತ ತೆತ್ಸುಜಿ. "ಕಲ್ಲಿದ್ದಲಿನಿಂದ ಪ್ರವಾಸಕ್ಕೆ" ಅನ್ನುವುದು ಅವರ ಘೋಷಣೆ. ಕಲ್ಲಿದ್ದಲು ವಸ್ತುಸಂಗ್ರಹಾಲಯ, ಅದರ ಸುತ್ತ ಮನರಂಜನಾ ಪಾರ್ಕು, ಹೋಟೆಲ್, 1990ರಿಂದ ಚಲನಚಿತ್ರೋತ್ಸವ. ಉತ್ಸವಕ್ಕೆ ಕ್ವೆಂಟಿನ್ ಟ್ಯಾರಂಟಿನೊ ಬಂದಿದ್ದರು, ಮುಂದೆ ತಮ್ಮ ಚಿತ್ರವೊಂದರ ಪಾತ್ರಕ್ಕೆ ಯೂಬರಿ ಅಂತ ಹೆಸರಿಟ್ಟರು. ಶುರುವಿನಲ್ಲಿ ಜನ ಬಂದರು, ಆ ಕಾಲದಲ್ಲಿ ನಕಾತ ಅವರನ್ನು ದೇಶವೇ ಹೊಗಳಿತು. ಸಮಸ್ಯೆ ಎಲ್ಲಾಯಿತು ಅಂದರೆ, ಕಟ್ಟಿದ್ದು ಯಾವುದೂ ತನ್ನ ಖರ್ಚು ತಾನು ಎತ್ತಲಿಲ್ಲ, ಆದರೂ ಕಟ್ಟುವುದು ನಿಲ್ಲಲಿಲ್ಲ. 2002ರಲ್ಲಿ ಖಾಸಗಿಯವರು ಕೈಬಿಟ್ಟ ಸ್ಕೀ ಮೈದಾನವನ್ನು ನಗರ 260 ಕೋಟಿ ಯೆನ್ ಕೊಟ್ಟು ಕೊಂಡಿತು. ಅದಕ್ಕೆ ಹಿಂದಿನ ವರ್ಷವಷ್ಟೇ, ಕಲ್ಲಿದ್ದಲು ಪ್ರದೇಶಗಳಿಗೆ ನೆರವು ಕೊಡುತ್ತಿದ್ದ ವಿಶೇಷ ಕಾನೂನಿನ ಅವಧಿ ಮುಗಿದು ಕೇಂದ್ರದ ದುಡ್ಡು ಕಡಿಮೆಯಾಗಿತ್ತು.

ಇಷ್ಟೆಲ್ಲ ಆದರೂ ಲೆಕ್ಕ ಮಾತ್ರ ಪ್ರತಿ ವರ್ಷ ಸರಿಯಾಗೇ ಕಾಣುತ್ತಿತ್ತು. ಅದು ಹೇಗೆ ಸಾಧ್ಯವಾಯಿತು ಅನ್ನುವುದೇ ಈ ಕತೆಯ ಗಟ್ಟಿ ಭಾಗ, ಸ್ವಲ್ಪ ನಿಧಾನವಾಗಿ ಓದಿ. ಜಪಾನಿನಲ್ಲೂ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದರೆ ಆ ವರ್ಷದ ಬಾಕಿ ಜಮಾ-ಖರ್ಚು ಮುಗಿಸಲು ಸ್ಥಳೀಯ ಸಂಸ್ಥೆಗಳಿಗೆ ಮೇ 31ರವರೆಗೆ ಸಮಯ ಇರುತ್ತದೆ. ಅಂದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹಳೇ ವರ್ಷದ ಪುಸ್ತಕವೂ ತೆರೆದಿರುತ್ತದೆ, ಹೊಸ ವರ್ಷದ್ದೂ ತೆರೆದಿರುತ್ತದೆ. ಯೂಬರಿ ಈ ಎರಡು ತಿಂಗಳನ್ನು ಬಳಸಿಕೊಂಡಿತು. ಪ್ರವಾಸೋದ್ಯಮದ ಖಾತೆ, ಆಸ್ಪತ್ರೆಯ ಖಾತೆ ಬೇರೆ ಬೇರೆ ಇದ್ದವು, ಎರಡರಲ್ಲೂ ನಷ್ಟ. ಹೊಸ ವರ್ಷದ ಮುಖ್ಯ ಖಾತೆಯಿಂದ ಆ ಖಾತೆಗಳಿಗೆ ದುಡ್ಡು ಕೊಡುವುದು, ಅವು ಅದನ್ನು ಹಳೇ ವರ್ಷದ ಪುಸ್ತಕದಲ್ಲಿ "ಸಾಲ ವಾಪಸ್ ಕೊಟ್ಟಿದ್ದೇವೆ" ಅಂತ ಬರೆಯುವುದು. ಹಳೇ ಪುಸ್ತಕ ತೂತಿಲ್ಲದೆ ಮುಚ್ಚಿತು. ತೂತು ಹೊಸ ವರ್ಷಕ್ಕೆ ದಾಟಿತು. ಕೈಯಲ್ಲಿ ನಗದು ಬೇಕಲ್ಲ, ಅದಕ್ಕೆ ಬ್ಯಾಂಕಿನಿಂದ ಕೈಸಾಲ. ಒಂದು ಚೀಟಿ ಎತ್ತಿ ಇನ್ನೊಂದು ಚೀಟಿ ಕಟ್ಟುತ್ತಾ ಹೋದವರ ಮನೆ ಹೇಗಾಗುತ್ತದೋ ಹಾಗೇ ಆಯಿತು, ಬಡ್ಡಿ ಮಾತ್ರ ಪ್ರತಿ ವರ್ಷ ಬೆಳೆಯಿತು. ಕಟ್ಟಡ ಕಟ್ಟಿದ್ದಕ್ಕಿಂತ ಇದು ದೊಡ್ಡ ತಪ್ಪು ಅನ್ನುತ್ತೇನೆ. ಯಾಕೆಂದರೆ ನಿಜ ಗೊತ್ತಿದ್ದರೆ ಜನ ಹತ್ತು ವರ್ಷ ಮುಂಚೆಯೇ ಪ್ರಶ್ನೆ ಕೇಳುತ್ತಿದ್ದರು. ಸಾಲ ಕೊಟ್ಟ ಬ್ಯಾಂಕುಗಳೂ, ಮೇಲಿಂದ ಲೆಕ್ಕ ನೋಡಬೇಕಿದ್ದ ಪ್ರಾಂತ ಮತ್ತು ಕೇಂದ್ರ ಸರ್ಕಾರಗಳೂ ಸುಮ್ನೆ ಇದ್ದವು.

2006ರಲ್ಲಿ ವಿಷಯ ಹೊರಬಿತ್ತು. 2007ರ ಮಾರ್ಚ್‌ನಲ್ಲಿ ಯೂಬರಿ ಅಧಿಕೃತವಾಗಿ ಕೇಂದ್ರದ ಉಸ್ತುವಾರಿಗೆ ಬಂತು. ತೀರಿಸಬೇಕಾದ ಕೊರತೆ 3,530 ಕೋಟಿ ಯೆನ್, ಅಂದರೆ ಊರಿನ ಸಾಧಾರಣ ವರ್ಷದ ವರಮಾನದ ಎಂಟು ಪಟ್ಟು. ಆಗ ಇದ್ದದ್ದು ಸುಮಾರು 13,000 ಜನ, ತಲೆಗೆ 27 ಲಕ್ಷ ಯೆನ್ ಬಂತು. ಜಪಾನ್ ಸಂಸತ್ತು ಅದೇ ವರ್ಷ ಹೊಸ ಕಾನೂನು ತಂದು, ಊರುಗಳ ಆರ್ಥಿಕ ಆರೋಗ್ಯವನ್ನು ಎಲ್ಲ ಖಾತೆ ಸೇರಿಸಿ ಪ್ರತಿ ವರ್ಷ ಬಹಿರಂಗ ಮಾಡಬೇಕು ಅಂತ ಮಾಡಿತು. ಯೂಬರಿ ಮಾಡಿದಂಥ ಮುಚ್ಚುಮರೆ ಈಗ ಕಷ್ಟ.

ದಿನದ ಬದುಕಿನಲ್ಲಿ ಏನಾಯಿತು? ನಿವಾಸಿಗಳ ತೆರಿಗೆ ಮತ್ತು ಆಸ್ತಿ ತೆರಿಗೆ ಏರಿದವು, ಸಣ್ಣ ವಾಹನಗಳ ತೆರಿಗೆ ಒಂದೂವರೆ ಪಟ್ಟಾಯಿತು. ಕಸ ಹಾಕಲೂ ದುಡ್ಡು. ಗ್ರಂಥಾಲಯ ಮುಚ್ಚಿತು. ಪ್ರಾಥಮಿಕ ಶಾಲೆ ಊರಿಗೆಲ್ಲ ಒಂದು, ಮಾಧ್ಯಮಿಕ ಶಾಲೆ ಒಂದು. ಕೌನ್ಸಿಲ್ ಸದಸ್ಯರು 18 ಇದ್ದವರು 9 ಆದರು. ಮೇಯರ್ ಸಂಬಳದಲ್ಲಿ ಶೇ 70 ಕಡಿತ, ನೌಕರರಿಗೆ ಸರಾಸರಿ ಶೇ 30. ನೌಕರರಲ್ಲಿ ಅರ್ಧದಷ್ಟು ಮಂದಿ ಬಿಟ್ಟು ಹೋದರು. ಉಳಿದವರು ಚಳಿಗಾಲದ ಸಂಜೆ, ಹೀಟರ್ ಆರಿಸಿದ ಮೇಲೆ, ಸ್ಕೀ ಜಾಕೆಟ್ ತೊಟ್ಟು ಕಚೇರಿಯಲ್ಲಿ ಕೆಲಸ ಮಾಡಿದರು. ನನಗೆ ಎಲ್ಲಕ್ಕಿಂತ ನಾಟಿದ್ದು ಹಿಮದ ಲೆಕ್ಕ. ಮೊದಲು ರಸ್ತೆಯಲ್ಲಿ 10 ಸೆಂ.ಮೀ. ಹಿಮ ಬಿದ್ದರೆ ಯಂತ್ರ ಬರುತ್ತಿತ್ತು, ಆಮೇಲೆ 15 ಸೆಂ.ಮೀ. ಆಗುವವರೆಗೆ ಕಾಯಬೇಕಾಯಿತು. ಕಾಗದದ ಮೇಲೆ ಐದೇ ಸೆಂಟಿಮೀಟರ್. ಎಂಬತ್ತು ದಾಟಿದ ಅಜ್ಜಿ ಬೆಳಿಗ್ಗೆ ಅಂಗಡಿಗೆ ಹೋಗಬೇಕು ಅಂದರೆ ಅದು ಕಣಕಾಲು ಮುಳುಗುವ ಹಿಮ. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 65 ದಾಟಿದವರು ಅನ್ನುವುದನ್ನು ಮರೆಯಬೇಡಿ.

ಆಸ್ಪತ್ರೆಯ ವಿಷಯ ಬೇರೆ ದಾರಿ ಹಿಡಿಯಿತು. 171 ಹಾಸಿಗೆಯ ನಗರಾಸ್ಪತ್ರೆ 19 ಹಾಸಿಗೆಯ ಕ್ಲಿನಿಕ್ ಆಯಿತು. ಅದನ್ನು ವಹಿಸಿಕೊಂಡ ಡಾ. ಮುರಕಾಮಿ ತೊಮೊಹಿಕೊ ಅವರ ತಂಡ ರೋಗಿಗಳ ಮನೆಗೇ ಹೋಗಿ ನೋಡುವುದಕ್ಕೆ, ಕಾಯಿಲೆ ಬಾರದಂತೆ ತಡೆಯುವುದಕ್ಕೆ ಒತ್ತು ಕೊಟ್ಟಿತು. ಮನೆಯಲ್ಲೇ ಕೊನೆ ದಿನ ಕಳೆಯಲು ಬಯಸುವ ಹಿರಿಯರಿಗೆ ಅದರಿಂದ ಅನುಕೂಲವಾಯಿತು. ತುರ್ತು ಚಿಕಿತ್ಸೆಗೆ ಮಾತ್ರ ಬೇರೆ ಊರಿಗೆ ಓಡಬೇಕು, ಆ ಕೊರತೆ ಕೊರತೆಯೇ.

ಇನ್ನು ಸುಜುಕಿ ನಾವೊಮಿಚಿ ಬಗ್ಗೆ ಹೇಳದೆ ಇರಲಾಗದು. ಟೋಕಿಯೊ ಆಡಳಿತದಲ್ಲಿ ಹಗಲು ಕೆಲಸ ಮಾಡುತ್ತಾ ರಾತ್ರಿ ಕಾಲೇಜು ಮುಗಿಸಿದವರು. 2008ರಲ್ಲಿ ನೆರವಿಗೆ ಅಂತ ಅವರನ್ನು ಯೂಬರಿಗೆ ಕಳಿಸಿದರು. ಊರಿನವರು ಕರೆದರು ಅಂತ ಒಳ್ಳೆ ಸಂಬಳದ ಕೆಲಸ ಬಿಟ್ಟು ಬಂದು 2011ರಲ್ಲಿ, 30ನೇ ವಯಸ್ಸಿಗೆ, ಮೇಯರ್ ಆದರು. ಅವರ ಕಾಲದಲ್ಲಿ ಚದುರಿದ ಊರನ್ನು ಹತ್ತಿರ ತರುವ ಕೆಲಸ ಶುರುವಾಯಿತು. ನಾಲ್ಕು ಮಹಡಿಯ ಒಂದು ಸರ್ಕಾರಿ ವಸತಿ ಕಟ್ಟಡದಲ್ಲಿ ಎರಡು ಮೂರು ಮನೆಯವರು ಮಾತ್ರ ಇದ್ದರೂ ಚಾವಣಿ ಹಿಮ ತೆಗೆಯಬೇಕು, ಕೊಳವೆ ನೋಡಿಕೊಳ್ಳಬೇಕು. ಅಂಥವರನ್ನು ಕೂತು ಮಾತಾಡಿಸಿ, ಮೊದಲು ಅದೇ ಬಡಾವಣೆಯ ಒಂದೆರಡು ಕಟ್ಟಡಕ್ಕೆ ಸೇರಿಸಿದರು. ಮಾಯಾಚಿ ಬಡಾವಣೆಯಲ್ಲಿ ಹೀಗಾಯಿತು. ನೆರೆಹೊರೆ ಕಳೆದುಕೊಳ್ಳದೆ ಸ್ಥಳ ಬದಲಾಯಿಸುವ ಈ ರೀತಿ ನಿಜಕ್ಕೂ ಒಳ್ಳೆಯದು. ದೂರಕ್ಕೆ ನೋಡಿದರೆ ಶಿಮಿಜುಸಾವಾ ಅನ್ನುವ ನಡುವಿನ ಭಾಗವೇ ಊರಿನ ಕೇಂದ್ರವಾಗಬೇಕು ಅನ್ನುವುದು ಯೋಜನೆ.

ರೈಲಿನ ವಿಷಯದಲ್ಲಿ ಅವರು ಮಾಡಿದ್ದು ಇನ್ನೂ ಧೈರ್ಯದ ಕೆಲಸ. ರೈಲ್ವೆ ಕಂಪನಿ ಹೇಗಿದ್ದರೂ 16 ಕಿ.ಮೀ. ಶಾಖಾ ಮಾರ್ಗ ಮುಚ್ಚುತ್ತದೆ ಅಂತ ಗೊತ್ತಿತ್ತು. ಬೇಡ ಬೇಡ ಅಂತ ಎಳೆದಾಡುವ ಬದಲು 2016ರಲ್ಲಿ ತಾವೇ ಮುಂದಾಗಿ, ಮುಚ್ಚಿ, ಆದರೆ ಬಸ್ಸಿಗೆ ದುಡ್ಡು ಕೊಡಿ ಅಂದರು. 75 ಕೋಟಿ ಯೆನ್ ಬಂತು. 2019ರ ಮಾರ್ಚ್ 31ರಂದು ಕೊನೆಯ ರೈಲು ಓಡಿತು. ದಿನಕ್ಕೆ ಐದು ಸಲ ಹೋಗಿ ಬರುತ್ತಿದ್ದ ರೈಲಿನ ಬದಲು ಹತ್ತು ಸಲ ಬಸ್ಸು. ಅದೇ ಏಪ್ರಿಲ್‌ನಲ್ಲಿ ಸುಜುಕಿ ಹೊಕ್ಕೈಡೊದ ಗವರ್ನರ್ ಆದರು. ಅವರ ಕಾಲದ ಎಲ್ಲವೂ ಫಲಿಸಲಿಲ್ಲ. 2017ರಲ್ಲಿ ನಗರ ಮಾರಿದ ಹೋಟೆಲ್, ಸ್ಕೀ ಮೈದಾನ ಕೈಯಿಂದ ಕೈಗೆ ಹೋಗಿ, ಕೊನೆಗೆ 2020ರ ಚಳಿಗಾಲದಲ್ಲಿ ನಡೆಸುತ್ತಿದ್ದವರೇ ಬಾಗಿಲು ಹಾಕಿದರು.

ಊರು ಈಗ ಏನು ಮಾಡಿ ಬದುಕುತ್ತದೆ ಅಂದರೆ, ಮುಖ್ಯವಾಗಿ ಕರಬೂಜ. 1960ರ ಸುಮಾರಿಗೆ ಎರಡು ತಳಿ ಸೇರಿಸಿ ಮಾಡಿದ ಯೂಬರಿ ಕಿಂಗ್, ಒಳಗೆ ಕಿತ್ತಳೆ ಬಣ್ಣ, ಸಿಪ್ಪೆ ಮೇಲೆ ಬಲೆ ಹೆಣೆದ ಹಾಗೆ ಗೆರೆ. ಬೀಜ ರೈತರ ಸಹಕಾರ ಸಂಘದ ಹತೋಟಿಯಲ್ಲಿದೆ, ಬೇರೆ ಕಡೆ ಬೆಳೆಯುವಂತಿಲ್ಲ. ತೂಕ, ಸಿಹಿ, ಗೆರೆಯ ಅಂದ ನೋಡಿ ದರ್ಜೆ ಕೊಡುತ್ತಾರೆ. 2019ರ ಮೊದಲ ಹರಾಜಿನಲ್ಲಿ ಒಂದು ಜೋಡಿ 50 ಲಕ್ಷ ಯೆನ್‌ಗೆ ಹೋಯಿತು. ಅದು ಪ್ರಚಾರದ ಬೆಲೆ, ಅಂಗಡಿಯಲ್ಲಿ ಸಾಮಾನ್ಯ ಜನ ಕೊಳ್ಳುವಂಥ ಹಣ್ಣೂ ಸಿಗುತ್ತದೆ. ಚಲನಚಿತ್ರೋತ್ಸವವನ್ನು ನಗರಸಭೆ ಕೈಬಿಟ್ಟಾಗ ಊರವರೇ ಸಂಸ್ಥೆ ಕಟ್ಟಿಕೊಂಡು 2008ರಿಂದ ಮತ್ತೆ ನಡೆಸಿದರು.

ಸಾಲ ಎಷ್ಟು ಉಳಿದಿದೆ ಅಂತ ತೋರಿಸುವ ಗಡಿಯಾರವೊಂದನ್ನು ನಗರಸಭೆ ತನ್ನ ವೆಬ್‌ಸೈಟಿನಲ್ಲೇ ಹಾಕಿಕೊಂಡಿದೆ. ಯೋಜನೆ ಪ್ರಕಾರ ಅದು 2027ರ ಮಾರ್ಚ್ ಹೊತ್ತಿಗೆ ತೀರಬೇಕು. ಇಪ್ಪತ್ತು ವರ್ಷ ಕಟ್ಟಿದವರಲ್ಲಿ ಬಹಳ ಜನ ಆ ಸಾಲ ಮಾಡಿದವರಲ್ಲ. ದೇಶಕ್ಕೆ ಕಲ್ಲಿದ್ದಲು ಬೇಕಾದಾಗ ಇಳಿದರು, ಬೇಡವಾದಾಗ ಬಿಲ್ಲನ್ನೂ ಅವರೇ ಕಟ್ಟಿದರು. ಇದರಲ್ಲಿ ಕೇಂದ್ರ ಸರ್ಕಾರ ಇನ್ನೂ ದೊಡ್ಡ ಪಾಲು ಹೊರಬೇಕಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹೋಗಿ ನೋಡಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಖಂಡಿತ. ಸಪ್ಪೊರೊದಿಂದ ಸೆಕಿಶೊ ಮಾರ್ಗದ ರೈಲಿನಲ್ಲಿ ಶಿನ್-ಯೂಬರಿ ನಿಲ್ದಾಣಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿಯಬೇಕು. ಕರಬೂಜಕ್ಕೆ ಜೂನ್, ಜುಲೈ ಒಳ್ಳೆ ಸಮಯ. ಕಲ್ಲಿದ್ದಲು ವಸ್ತುಸಂಗ್ರಹಾಲಯ ಚಳಿಗಾಲದಲ್ಲಿ ಮುಚ್ಚಿರುತ್ತದೆ, 2019ರಲ್ಲಿ ಅದರ ಮಾದರಿ ಸುರಂಗಕ್ಕೆ ಬೆಂಕಿ ಬಿದ್ದು ನೀರು ತುಂಬಿ ಆರಿಸಬೇಕಾಗಿ ಬಂದಿತ್ತು, ಹಾಗಾಗಿ ಯಾವ ಭಾಗ ತೆರೆದಿದೆ ಅಂತ ವಿಚಾರಿಸಿಕೊಂಡೇ ಹೊರಡಿ. ಊಟವನ್ನು ಸ್ಥಳೀಯ ಹೋಟೆಲಿನಲ್ಲೇ ಮಾಡಿ, ಹಣ್ಣನ್ನು ಅಲ್ಲೇ ಕೊಳ್ಳಿ.